ಡಬ್ಬಿಗಳು ಜೋಪಾನ

ನವೆಂಬರ್ 4

ಚಿಕ್ಕಪ್ಪನಿಗೆ ನಮಸ್ಕಾರ.

ಸುಖವಾಗಿ ಬಂದು ತಲುಪಿದೆ. ಚಿಕ್ಕಮ್ಮ ಕಟ್ಟಿಕೊಟ್ಟ ಬುತ್ತಿ ರೈಲು ಹೊರಟು ಎರಡನೇ ಸ್ಟೇಷನ್ ದಾಟುವ ಮೊದಲೇ ಖಾಲಿಯಾಯಿತು. ಓದಿ ಬೆಳೆದ ಮನೆಗೆ ಆಫೀಸಿನ ಕೆಲಸದ ನೆಪದಲ್ಲಿ ಬಂದು ಎರಡೇ ದಿನಕ್ಕೆ ಓಡಿದೆನೆಂದು ಅವಳು ಮೂತಿ ಊದಿಸಿಕೊಂಡಿದ್ದಳಲ್ಲ, ಈಗ ಇಳಿಯಿತೇ? ಅವಳ ಹತ್ತಿರ ಫೋನಿನಲ್ಲಿ ಮಾತಾಡುತ್ತೇನೆ. ನಿಮ್ಮ ಕಿವಿ ಹರೆಯದಲ್ಲೇ ಬಾಯ್ಲರ್ ಕಾರ್ಖಾನೆಯ ಸುತ್ತಿಗೆ ಸದ್ದಿಗೆ ಬಲಿಯಾಗಿರುವುದರಿಂದ ನಿಮ್ಮೊಡನೆ ಕೆಲಸದ ಮಾತೆಲ್ಲ ಕಾಗದದಲ್ಲೇ ಆಗಬೇಕು.

ನಾವು ಊರಿನ ಕಾಲುಸೇತುವೆಗೆ ಕೂರಿಸಿದ ಬೂದು ಡಬ್ಬಿಗಳ ವಿಷಯ ನೀವು ಎರಡು ಸಲ ಕೇಳಿದಿರಿ, ನಾನು ಎರಡು ಸಲವೂ ಕಿರುಚಿ ಹೇಳಿದೆ, ನೀವು ಎರಡು ಸಲವೂ ತಲೆ ಆಡಿಸಿದಿರಿ. ಕೇಳಿಸಿರಲಿಕ್ಕಿಲ್ಲ ಅನ್ನುವ ಅನುಮಾನದಿಂದ ಬರೆಯುತ್ತಿದ್ದೇನೆ. ಒಂದೊಂದು ಡಬ್ಬಿಯೊಳಗೂ ಮೂರು ಸೆನ್ಸರ್‌ಗಳಿವೆ. ಒಂದು, ತೊಲೆಯ ಉಕ್ಕು ಎಷ್ಟು ಎಳೆಯಲ್ಪಟ್ಟಿತು ಎಂದು ನೋಡುತ್ತದೆ. ಇನ್ನೊಂದು, ಜನ ನಡೆದಾಗಿನ ಅದುರನ್ನು ಹಿಡಿಯುತ್ತದೆ. ಮೂರನೆಯದು ಬಿಸಿಲು, ಚಳಿ ಅಳೆಯುತ್ತದೆ. ಮೂರರ ಲೆಕ್ಕವೂ ಇಲ್ಲಿ ನನ್ನ ಮೇಜಿನ ಮೇಲಿನ ಪರದೆಗೆ ಬರುತ್ತದೆ. ನಮ್ಮ ಕೋಣೆಯಲ್ಲಿ ಹೀಗೆ ಬೇರೆ ಬೇರೆ ಊರಿನ ಸೇತುವೆಗಳೆಲ್ಲ ಒಂದೊಂದು ಹಸಿರು ಗೆರೆಯಾಗಿ ಓಡುತ್ತಿರುತ್ತವೆ. ಗೆರೆ ನೆಟ್ಟಗಿದ್ದರೆ ಸೇತುವೆಯ ಆರೋಗ್ಯ ನೆಟ್ಟಗಿದೆ ಅಂತ.

ನೀವು ಅದರ ಮೇಲ್ವಿಚಾರಕರು, ಬಣ್ಣ ಬಳಿಯುವವರು, ಕಸ ಗುಡಿಸುವವರು, ಬೈಸಿಕಲ್ ಹತ್ತಿಸಿದವರನ್ನು ಬೈಯುವವರು. ಈ ಕೆಲಸವೂ ನಿಮ್ಮ ತಲೆಗೇ ಬಂತು. ಚಳಿಗಾಲ ಶುರುವಾಯಿತು, ಡಬ್ಬಿಗಳು ಜೋಪಾನ.

ನಿಮ್ಮ ಚೂಟಿ


ನವೆಂಬರ್ 13

ನಮ್ಮ ಮನೆಯ ಇಂಜಿನಿಯರಮ್ಮನಿಗೆ ಆಶೀರ್ವಾದ.

ನೀನು ಕಿರುಚಿದ್ದು ನನಗೆ ಕೇಳಿಸಲಿಲ್ಲ, ಆಚೆ ದಡದವರಿಗೆಲ್ಲ ಕೇಳಿಸಿದೆ. ಅಲ್ಲಿಯ ಕ್ಷೌರದಂಗಡಿಯವನು ಬಂದು, ಸೇತುವೆಗೆ ಕಾಯಿಲೆಯಂತೆ ಹೌದಾ ಅಂತ ಕೇಳಿದ. ಕಾಯಿಲೆ ಅಲ್ಲಯ್ಯಾ, ನಮ್ಮ ಹುಡುಗಿ ಸುಮ್ಮನೆ ನಾಡಿ ಹಿಡಿದು ನೋಡುತ್ತಾಳೆ ಅಂದೆ. ಇಷ್ಟು ವರ್ಷ ನಾನೊಬ್ಬನೇ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಈಗ ದೊಡ್ಡ ಡಾಕ್ಟರು ಬಂದಿದ್ದೀರಿ, ಸಂತೋಷ. ಆದರೆ ಡಬ್ಬಿ ಕೂರಿಸುವಾಗ ನಿನ್ನ ಕಡೆಯ ಹುಡುಗರು ನನ್ನ ಹೊಸ ಬಣ್ಣವನ್ನು ಅಲ್ಲಲ್ಲಿ ಕೆರೆದು ಹೋಗಿದ್ದಾರೆ. ಅದನ್ನು ನಾನು ಮರೆತಿಲ್ಲ.

ಸಂಜೆ ನಾನೂ ನಿನ್ನ ಚಿಕ್ಕಮ್ಮನೂ ಸೇತುವೆ ದಾಟಿ ಆಚೆ ದಡದ ಕಲ್ಲು ಬೆಂಚಿನ ಮೇಲೆ ಕೂತು ಬರುತ್ತೇವೆ, ನಿನಗೆ ಗೊತ್ತಲ್ಲ. ಈಗ ದಾಟುವಾಗ ಅವಳು ಒಂದೊಂದು ಡಬ್ಬಿಯ ಹತ್ತಿರವೂ ನಿಂತು, "ಚೂಟಿ, ಊಟ ಆಯ್ತಾ?" ಅಂತ ಕೇಳುತ್ತಾಳೆ. ಅದರಲ್ಲಿ ಮಾತು ಕೇಳಿಸುವುದಿಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಕೆಳಗೆ ಎರಡು ಸಾಲು ಅವಳದು.

ನಿನ್ನ ಚಿಕ್ಕಪ್ಪ

ಚೂಟಿ, ಮುನಿಸು ಇಳಿದಿಲ್ಲ, ಅರ್ಧ ಇಳಿದಿದೆ. ಡಬ್ಬಿ ಜೋಪಾನ ಅಂತ ಬರೆದಿದ್ದೀಯ, ನಿನ್ನನ್ನು ಹೇಗೆ ಜೋಪಾನ ಮಾಡಿದೆನೋ ಹಾಗೇ ಮಾಡುತ್ತೇನೆ, ಯೋಚನೆ ಬಿಡು. ನೀನೂ ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಆಫೀಸಿಗೆ ಹೋಗು. ಚಿಕ್ಕಮ್ಮ.


ಡಿಸೆಂಬರ್ 11

ಚಿಕ್ಕಪ್ಪ,

ನಿಮ್ಮ ಕಾಗದ ಬಂದು ತಿಂಗಳಾಗುತ್ತಾ ಬಂತು, ಆಮೇಲೆ ಸುದ್ದಿಯೇ ಇಲ್ಲ. ಮನೆಗೆ ಫೋನ್ ಮಾಡಿದರೆ ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಚಿಕ್ಕಮ್ಮನ ಉಳಿದರ್ಧ ಮುನಿಸು ಮತ್ತೆ ಪೂರ್ತಿಯಾಯಿತೇ? ಈ ಸಲ ರಜೆಗೂ ಬರಲಾಗುವುದಿಲ್ಲ ಎಂದು ಹೋದ ಸಲ ಫೋನಿನಲ್ಲಿ ಹೇಳಿಬಿಟ್ಟೆ. ಅದಕ್ಕೇ ಇರಬೇಕು. ಬೈಯಲಿಕ್ಕಾದರೂ ಫೋನ್ ಎತ್ತಲು ಹೇಳಿ.

ಇಲ್ಲಿ ನನ್ನ ಮೇಲಿನ ಸಾಹೇಬರು ನದಿ ಸೇತುವೆಗಳ ವರದಿಯನ್ನೆಲ್ಲ ನನ್ನ ಕೈಗೆ ಒಪ್ಪಿಸಿದ್ದಾರೆ. ಅಂದರೆ ಇನ್ನು ಮೇಲೆ ಸೇತುವೆ ಗಟ್ಟಿಯಿದೆ ಎಂದರೂ ನನ್ನ ಸಹಿ, ಇಲ್ಲ ಎಂದರೂ ನನ್ನ ಸಹಿ. ಸಾಹೇಬರು ಬೋಳುತಲೆಯವರು, ಮಾತು ಕಡಿಮೆ. ಹೊಗಳಬೇಕೆಂದಿದ್ದರೆ "ಹೂಂ" ಅನ್ನುತ್ತಾರೆ. ಈ ವಾರ ನನಗೆ ಒಂದು ಹೂಂ ಸಿಕ್ಕಿದೆ, ನಮ್ಮ ಸೇತುವೆಯ ಗೆರೆ ನೋಡಿ. ಅಷ್ಟು ನೆಟ್ಟಗಿದೆ.

ನಿಮ್ಮ ಚೂಟಿ


ಡಿಸೆಂಬರ್ 27

ಚೂಟಿ,

ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ಫೋನ್ ಕೆಟ್ಟಿದೆ. ಬಡಿದುಕೊಳ್ಳುತ್ತದೆ ಅಂತ ನೀನು ಬರೆದಿದ್ದೀಯ, ನನಗೆ ಹೇಗೂ ಕೇಳಿಸುವುದಿಲ್ಲ. ರಿಪೇರಿಗೆ ಕೊಡಬೇಕು.

ಚಿಕ್ಕಮ್ಮನಿಗೆ ನಿನ್ನ ಮೇಲೆ ಮುನಿಸೇನೂ ಇಲ್ಲ. ಬರೆಯಲು ಪುರುಸೊತ್ತಿಲ್ಲ, ಅಷ್ಟೆ. ದಿನವೆಲ್ಲ ಉಣ್ಣೆ ದಾರ ಹಿಡಿದು ಕೂತಿರುತ್ತಾಳೆ. ಹೆಣಿಗೆ ಕಡ್ಡಿ ಹಿಡಿದರೆ ಅವಳಿಗೆ ಲೋಕವೇ ಬೇಡ.

ಡಬ್ಬಿಗಳೆಲ್ಲ ಜೋಪಾನವಾಗಿವೆ. ನಮ್ಮ ದಡದ ಮೊದಲನೆಯದಕ್ಕೆ ತಕ್ಕ ವ್ಯವಸ್ಥೆ ಆಗಿದೆ, ಉಳಿದವಕ್ಕೂ ಒಂದೊಂದಾಗಿ ಆಗುತ್ತದೆ. ಆತುರ ಮಾಡಬಾರದು ಅಂತ ತಿಳಿದವರು ಹೇಳಿದ್ದಾರೆ.

ನಿನ್ನ ಕೈಗೆ ದೊಡ್ಡ ಕೆಲಸ ಬಂದದ್ದು ಕೇಳಿ ಹೆಮ್ಮೆಯಾಯಿತು. ಬರೀ ಮನೆಯ ಯೋಚನೆ ಮಾಡುತ್ತಾ ಕೆಲಸದ ಮೇಲೆ ಗಮನ ತಪ್ಪಿಸಬೇಡ.

ಚಿಕ್ಕಪ್ಪ


ಜನವರಿ 24

ಚಿಕ್ಕಪ್ಪ,

ಚಿಕ್ಕಮ್ಮನ ಎರಡು ಸಾಲಿಲ್ಲದ ಕಾಗದ ಉಪ್ಪಿಲ್ಲದ ಊಟದ ಹಾಗೆ ಎಂದು ಅವಳಿಗೆ ಓದಿ ಹೇಳಿ. ಯಾರಿಗೆ ಹೆಣೆಯುತ್ತಿದ್ದಾಳೆ ಅಷ್ಟೊಂದು? ನನಗಾದರೆ ನೀಲಿ ಬಣ್ಣ ಬೇಡ.

ಒಂದು ತಮಾಷೆ ಹೇಳುತ್ತೇನೆ. ಬೆಳಗಿನ ಹೊತ್ತು ಸೇತುವೆಯ ಮೇಲೆ ಜನ ಕಡಿಮೆ. ಆಗ ಒಬ್ಬೊಬ್ಬರ ಹೆಜ್ಜೆಯೂ ಪರದೆಯ ಮೇಲೆ ಬೇರೆ ಬೇರೆಯಾಗಿ ಕಾಣುತ್ತದೆ. ಕೆಲವು ವಾರಗಳಿಂದ ಒಬ್ಬ ವಿಚಿತ್ರ ಮನುಷ್ಯ ಬರುತ್ತಾನೆ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ನಮ್ಮ ದಡದಿಂದ ಸ್ವಲ್ಪ ದೂರ ಬರುತ್ತಾನೆ, ನಿಲ್ಲುತ್ತಾನೆ, ವಾಪಸು ಹೋಗುತ್ತಾನೆ. ದಾಟುವುದೇ ಇಲ್ಲ. ಅವನ ಹಿಂದೆ ಸಮನಾದ ಹೆಜ್ಜೆಯ ಇನ್ನೊಬ್ಬ, ಕಾವಲಿನವನ ಹಾಗೆ. ನನ್ನ ಜೊತೆ ಕೆಲಸ ಮಾಡುವವರೆಲ್ಲ ಈಗ ಬೆಳಗ್ಗೆ ಬಂದ ತಕ್ಷಣ, ಪುಕ್ಕಲ ಇವತ್ತು ಎಲ್ಲಿವರೆಗೆ ಬಂದ ಅಂತ ಕೇಳುತ್ತಾರೆ. ನಾನೇ ಇಟ್ಟ ಹೆಸರು. ನೀರು ಕಂಡರೆ ಭಯವೋ ಏನೋ. ನೀವು ನೋಡಿದ್ದೀರಾ ಅವನನ್ನು?

ಮತ್ತೆ ಸುಮ್ಮನೆ ಕೇಳುತ್ತಿದ್ದೇನೆ, ನಮ್ಮ ದಡದ ಮೊದಲ ಒಂದೆರಡು ಡಬ್ಬಿಗಳ ಹತ್ತಿರ ಏನಾದರೂ ಹೊಸದು ಕಂಡಿತೇ? ತೊಲೆಗೆ ದೋಣಿ ಗೀಣಿ ತಾಗಿತೇ? ಬಣ್ಣ ಬಿರಿದಿದೆಯೇ? ನೀವು ದಿನಾ ನೋಡುತ್ತಿದ್ದೀರಿ ತಾನೆ?

ನಿಮ್ಮ ಚೂಟಿ


ಫೆಬ್ರವರಿ 2

ಚೂಟಿ,

ದಿನಾ ನೋಡುತ್ತಿದ್ದೇನೆ. ನೀನು ಹುಟ್ಟುವ ಮೊದಲಿನಿಂದ ನೋಡುತ್ತಿದ್ದೇನೆ. ದೋಣಿ ತಾಗಿಲ್ಲ, ಬಣ್ಣ ಬಿರಿದಿಲ್ಲ. ನಾನು ಕೆಲಸಗಳ್ಳ ಅಂತ ನಿನ್ನ ಸಾಹೇಬರಿಗೆ ಅನುಮಾನವಿದ್ದರೆ ಅವರೇ ಬಂದು ನೋಡಲಿ.

ಬೆಳಗ್ಗೆ ಸೇತುವೆಯ ಮೇಲೆ ಎಷ್ಟೋ ಜನ ಬರುತ್ತಾರೆ, ಹೋಗುತ್ತಾರೆ. ಎಲ್ಲರ ಕಾಲು ನೋಡಿಕೊಂಡು ಕೂರಲು ನನಗೆ ಪುರುಸೊತ್ತಿಲ್ಲ.

ಚಿಕ್ಕಪ್ಪ


ಮಾರ್ಚ್ 3

ಚಿಕ್ಕಪ್ಪ,

ನಿಮಗೆ ಕೋಪ ಬಂದಿದೆ ಎಂದು ಗೊತ್ತು. ನಾನು ಅರ್ಧ ವಿಷಯ ಮುಚ್ಚಿಟ್ಟು ಅರ್ಧ ಕೇಳಿದ್ದೇ ತಪ್ಪಾಯಿತು. ಈಗ ಪೂರ್ತಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಸೇತುವೆ ಚೆನ್ನಾಗಿಲ್ಲ. ಡಿಸೆಂಬರ್ ಕೊನೆಗೆ ನಮ್ಮ ದಡದ ಮೊದಲ ಡಬ್ಬಿಯ ಗೆರೆ ಬಾಗಿತು. ಉಕ್ಕನ್ನು ಯಾರೋ ಬೆಳಗಿನ ಹೊತ್ತು ಬಲವಾಗಿ ಎಳೆದು, ಮಧ್ಯಾಹ್ನ ಬಿಡುತ್ತಿರುವ ಹಾಗೆ ಲೆಕ್ಕ ಬರತೊಡಗಿತು. ಒಂದು ಡಬ್ಬಿ ಕೆಟ್ಟಿರಬಹುದು ಅಂದುಕೊಂಡೆವು. ಜನವರಿ ನಡುವಿಗೆ ಅದರ ಪಕ್ಕದ್ದು. ಆ ತಿಂಗಳ ಕೊನೆಗೆ ಮೂರನೆಯದು. ಫೆಬ್ರವರಿಯಲ್ಲಿ ವಾರಕ್ಕೊಂದು, ಈಗ ಎರಡು ಮೂರು ದಿನಕ್ಕೊಂದು. ನಮ್ಮ ದಡದಿಂದ ಆಚೆ ದಡದ ಕಡೆಗೆ ಸಾಲು ತಪ್ಪದೆ ಹೋಗುತ್ತಿದೆ, ಹೋಗುವ ವೇಗವೂ ಹೆಚ್ಚುತ್ತಿದೆ. ಮುಕ್ಕಾಲು ಸೇತುವೆ ಮುಗಿದಿದೆ. ಉಕ್ಕಿನೊಳಗಿನ ಬಿರುಕು ಹೀಗೇ ವರ್ತಿಸುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಮೊದಲು ನಿಧಾನ, ಆಮೇಲೆ ಓಟ.

ಸಾಹೇಬರು ಈಗ ಹೂಂ ಅನ್ನುವುದನ್ನೂ ನಿಲ್ಲಿಸಿದ್ದಾರೆ. ಸೇತುವೆ ಮುಚ್ಚುವ ಕಾಗದ ನನ್ನ ಮೇಜಿನ ಮೇಲಿದೆ, ನನ್ನ ಸಹಿಯೊಂದೇ ಬಾಕಿ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಅನುಮಾನ. ಹಳೇ ಸೇತುವೆ, ಕಿತ್ತು ಹಾಕುವುದೇ ಸುಲಭ ಅನ್ನುತ್ತಾರೆ. ನಾನು ಶಾಲೆಗೆ ಹೋದದ್ದೇ ಅದರ ಮೇಲೆ. ಸಹಿ ಹಾಕದಿದ್ದರೆ ಅದರ ಮೇಲೆ ಇವತ್ತು ಶಾಲೆಗೆ ಹೋಗುವ ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ನನಗೆ ಊಟ ಸೇರುತ್ತಿಲ್ಲ.

ಈ ತಿಂಗಳ ಹದಿನೈದರೊಳಗೆ ಸಹಿ ಹಾಕಲೇಬೇಕು. ಅಲ್ಲಿಯವರೆಗೆ ನೀವು ಸೇತುವೆ ಹತ್ತಬೇಡಿ, ಚಿಕ್ಕಮ್ಮನನ್ನಂತೂ ಹತ್ತಿಸಲೇಬೇಡಿ. ಬೆಳಗ್ಗೆ ಬರುವ ಆ ಪುಕ್ಕಲನಿಗೂ ಹೇಳಿಬಿಡಿ, ಪಾಪ.

ನಿಮ್ಮ ಚೂಟಿ


ಮಾರ್ಚ್ 8

ಚೂಟಿ,

ಸಹಿ ಹಾಕಬೇಡ. ಹಾಕುವ ಮೊದಲು ಇದನ್ನು ಓದು.

ಆ ಪುಕ್ಕಲ ನಿನ್ನ ಚಿಕ್ಕಮ್ಮ. ಹಿಂದೆ ಬರುವವನು ನಾನು.

ನನ್ನ ಮೊದಲ ಕಾಗದ ಅಂಚೆಗೆ ಹಾಕಿದ ಮರುವಾರವೇ ಅವಳಿಗೆ ಲಕ್ವ ಹೊಡೆಯಿತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದಿದೆ, ಅವಳೂ ಬಿದ್ದಿದ್ದಾಳೆ, ನನಗೆ ಎರಡೂ ಕೇಳಿಸಲಿಲ್ಲ. ನೀರು ಕುಡಿಯಲು ಹೋದವನು ನೋಡಿದೆ. ಬಲಗೈ, ಬಲಗಾಲು ಎರಡೂ ಹೋಗಿದ್ದವು, ಮಾತು ತೊದಲುತ್ತಿತ್ತು. ಅದಕ್ಕೇ ಫೋನ್ ಎತ್ತಲಿಲ್ಲ. ಫೋನ್ ಕೆಟ್ಟಿರಲಿಲ್ಲ. ಮಾತು ಸ್ವಲ್ಪ ತಿರುಗಿದ ಮೇಲೆ ಅವಳು ನರ್ಸ್ ಕೈಯಲ್ಲಿ ಬರೆಸಿ ನನಗೆ ಮೊದಲು ತೋರಿಸಿದ ಮಾತೇ ಇದು: "ಚೂಟಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾಳೆ. ಮೊದಲು ನಾನು ಎದ್ದು ನಿಲ್ತೀನಿ. ಆಮೇಲೆ ಹೇಳಿ." ನನ್ನಿಂದ ಆಣೆ ಹಾಕಿಸಿಕೊಂಡಳು. ಆ ಆಣೆ ಇವತ್ತು ಮುರಿದಿದ್ದೇನೆ, ಅವಳು ಪಕ್ಕದಲ್ಲೇ ಕೂತು ಗುರಾಯಿಸುತ್ತಿದ್ದಾಳೆ.

ಆಸ್ಪತ್ರೆಯಿಂದ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಮನೆಗೆ ಬರುತ್ತಾಳೆ. ಏರುತಗ್ಗಿಲ್ಲದ ಜಾಗದಲ್ಲಿ, ಕೈಗೆ ಕಂಬಿ ಸಿಗುವ ಕಡೆ ನಡೆಸಿ ಅಂದಳು. ಈ ಊರಿನಲ್ಲಿ ಅಂಥ ಜಾಗ ಸೇತುವೆಯೊಂದೇ. ಬೆರಳಿಗೂ ಕೆಲಸ ಬೇಕು ಅಂದದ್ದಕ್ಕೆ ಇವಳು ಉಣ್ಣೆ ದಾರ ಕೇಳಿದಳು. ಡಬ್ಬಿ ಜೋಪಾನ ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಅವಳು ಮರೆತಿರಲಿಲ್ಲ. ಒಂದೊಂದು ಡಬ್ಬಿಗೂ ಟೋಪಿ ಹೆಣೆಯುತ್ತಾಳೆ. ಟೋಪಿ ಮುಗಿದ ದಿನ ಅಲ್ಲಿಯವರೆಗೆ ನಡೆದು ಹೋಗಿ ತಾನೇ ತೊಡಿಸಿ ಬರಬೇಕು, ಇದು ಅವಳೇ ಹಾಕಿಕೊಂಡ ಷರತ್ತು. ಮೊದಲನೇ ಟೋಪಿ ಟೋಪಿಯ ಹಾಗೇ ಇರಲಿಲ್ಲ, ತಿಂಗಳು ಹಿಡಿಯಿತು. ಈಗ ಎರಡು ಮೂರು ದಿನಕ್ಕೊಂದು ಇಳಿಸುತ್ತಾಳೆ. ಇನ್ನು ನಾಲ್ಕು ಡಬ್ಬಿ ಉಳಿದಿವೆ, ಆಮೇಲೆ ಆಚೆ ದಡ, ನಮ್ಮ ಬೆಂಚು.

ನೀನು ಪುಕ್ಕಲ ಅಂತ ಬರೆದದ್ದನ್ನು ಅವಳಿಗೆ ಓದಿ ಹೇಳಿರಲಿಲ್ಲ. ನಾನೊಬ್ಬನೇ ನುಂಗಿಕೊಂಡಿದ್ದೆ. ನಿನಗೆ ಗೊತ್ತಿರಲಿಲ್ಲ ಅಂತ ಗೊತ್ತು, ಆದರೂ ನೋವಾಯಿತು. ಸೇತುವೆ ನಿಜವಾಗಿ ಬೀಳುವ ಹಾಗಿದ್ದರೆ ಮುಚ್ಚು, ನಾನು ತಡೆಯುವುದಿಲ್ಲ. ಆದರೆ ನಾಲ್ಕು ಡಬ್ಬಿ ದೂರದಲ್ಲಿ ಅವಳನ್ನು ನಿಲ್ಲಿಸುವ ಮೊದಲು ಇನ್ನೊಮ್ಮೆ ನೋಡು. ನನ್ನ ಕಣ್ಣಿಗೆ ಆ ಉಕ್ಕಿನಲ್ಲಿ ಏನೂ ಆಗಿಲ್ಲ, ಆದರೆ ನನ್ನ ಕಣ್ಣಿಗೂ ವಯಸ್ಸಾಗಿದೆ.

ಚಿಕ್ಕಪ್ಪ


ಮಾರ್ಚ್ 12

ಚಿಕ್ಕಪ್ಪ, ಚಿಕ್ಕಮ್ಮ,

ಕಾಗದ ಓದಿ ಆಫೀಸಿನಲ್ಲೇ ಅತ್ತೆ. ಎಲ್ಲರ ಮುಂದೆ. ಮುನಿಸಿಕೊಂಡಿದ್ದಾಳೆ ಅಂದುಕೊಂಡೇ ನಾಲ್ಕು ತಿಂಗಳು ಕಳೆದೆ. ನಿನ್ನ ಹೆಜ್ಜೆ ದಿನಾ ನನ್ನ ಕಣ್ಣ ಮುಂದೆ ಬಂದು ಹೋಗುತ್ತಿತ್ತು ಚಿಕ್ಕಮ್ಮ, ನಾನು ಅದಕ್ಕೆ ಹೆಸರಿಟ್ಟು ನಕ್ಕೆ. ಅದನ್ನು ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅತ್ತು ಮುಗಿಸಿ ಕಾಗದ ಎರಡನೇ ಸಲ ಓದುವಾಗ ಟೋಪಿ ಅನ್ನುವ ಕಡೆ ಕಣ್ಣು ನಿಂತಿತು. ಎದ್ದು ನಿಂತೆ.

ಚಿಕ್ಕಪ್ಪ, ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದು ರೋಗವಲ್ಲ, ಅದರ ಸ್ವಭಾವ. ಅದಕ್ಕೇ ಡಬ್ಬಿಯೊಳಗೆ ಚಳಿ ಅಳೆಯುವ ಸೆನ್ಸರ್ ಇಟ್ಟಿರುವುದು. ಇಷ್ಟು ಚಳಿಯಾದರೆ ಉಕ್ಕು ಇಷ್ಟು ಕುಗ್ಗುವುದು ಸರಿ ಎಂದು ಕಂಪ್ಯೂಟರು ಅದನ್ನು ಕಳೆದು, ಉಳಿದದ್ದನ್ನಷ್ಟೇ ನಮಗೆ ತೋರಿಸುತ್ತದೆ. ಡಬ್ಬಿಗೆ ಉಣ್ಣೆ ಟೋಪಿ ಹಾಕಿದರೆ? ಹೊರಗೆ ಉಕ್ಕು ಚಳಿಯಲ್ಲಿ ಮರಗಟ್ಟಿರುತ್ತದೆ, ಒಳಗೆ ಡಬ್ಬಿ ಬೆಚ್ಚಗೆ ಮಲಗಿ, ನನಗೇನೂ ಚಳಿಯಿಲ್ಲ ಅನ್ನುತ್ತದೆ. ಲೆಕ್ಕ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ. ನಾವು ಯಾರೂ ಚಳಿಯ ಅಂಕಿಗಳನ್ನು ಬಿಡಿಯಾಗಿ ನೋಡಿರಲಿಲ್ಲ, ಕೊನೆಯ ಉತ್ತರ ನೋಡಿ ಬೆದರಿದ್ದೆವು. ಈಗ ನೋಡಿದೆ. ಗೆರೆ ಬಾಗಿದ ಒಂದೊಂದು ಡಬ್ಬಿಯೂ ಬೆಳಗಿನ ಜಾವದಲ್ಲಿ ಬೆಚ್ಚಗಿದೆ, ಉಳಿದವು ನಡುಗುತ್ತಿವೆ.

ಜೋಪಾನ ಅಂದರೆ ನಮ್ಮ ಮನೆಯಲ್ಲಿ ಕಿವಿ ಮುಚ್ಚುವ ಟೋಪಿ ಎಂದು ನನಗೆ ನೆನಪಾಗಬೇಕಿತ್ತು. ನನ್ನ ಬಾಲ್ಯವೆಲ್ಲ ಅದರೊಳಗೇ ಕಳೆದಿದೆ.

ಆದರೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಬೇಕಾದ ಉತ್ತರವೇ ಸಿಕ್ಕಿದೆ, ಅದಕ್ಕೇ ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಸಾಹೇಬರಿಗೆ ಎಲ್ಲ ಹೇಳಿದೆ, ನೀವು ನನ್ನವರು ಅನ್ನುವುದನ್ನೂ ಹೇಳಿದೆ. ಕಿತ್ತುಹಾಕುವ ಮಾತು ಸದ್ಯಕ್ಕೆ ನಿಂತಿದೆ. ಆದರೆ ಸೇತುವೆಯನ್ನು ಕೆಲವು ವಾರ ಮುಚ್ಚಿ, ಟೋಪಿಗಳನ್ನೆಲ್ಲ ತೆಗೆದು, ಮರಳಿನ ಚೀಲ ಪೇರಿಸಿ ತೂಕ ಹೇರಿ ಪರೀಕ್ಷೆ ಮಾಡುತ್ತೇವೆ. ಪರೀಕ್ಷೆಯ ತೀರ್ಪು ನನ್ನದಲ್ಲ, ಸಾಹೇಬರದು. ಅಷ್ಟು ದಿನ ಚಿಕ್ಕಮ್ಮ ನಡೆಯುವ ಹಾಗಿಲ್ಲ. ಆ ಕಾಗದಕ್ಕೆ ಸಹಿ ಹಾಕಿದ್ದು ನಾನೇ.

ಶನಿವಾರದ ರೈಲಿಗೆ ಬರುತ್ತಿದ್ದೇನೆ. ಯಾವ ಆಣೆಯೂ ನನ್ನನ್ನು ತಡೆಯುವುದಿಲ್ಲ.

ಚೂಟಿ


ಮಾರ್ಚ್ 27

ಚೂಟಿಗೆ ಆಶೀರ್ವಾದ.

ನೀನು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಹತ್ತು ದಿನ ನೀನು ಅವಳ ಕೈ ತಿಕ್ಕಿ ತಿಕ್ಕಿ ಕೆಂಪು ಮಾಡಿದ್ದೀಯ. ಈಗ ನಾನು ತಿಕ್ಕಿದರೆ, "ಚೂಟಿ ತಿಕ್ಕಿದ ಹಾಗಿಲ್ಲ" ಅನ್ನುತ್ತಾಳೆ. ಅಡುಗೆಮನೆಯಲ್ಲಿ ನೀನು ಗುಟ್ಟಾಗಿ ಅತ್ತದ್ದು ಅವಳಿಗೆ ಕೇಳಿಸಿತ್ತಂತೆ. ಅವಳು ಗುಟ್ಟಾಗಿ ಅತ್ತದ್ದು ನಿನಗೆ ಕೇಳಿಸಲಿಲ್ಲವಂತೆ. ಇಬ್ಬರದೂ ನನಗೆ ಕೇಳಿಸಲಿಲ್ಲ, ಆ ಮಟ್ಟಿಗೆ ನಾನೇ ಅದೃಷ್ಟವಂತ.

ನೀನು ಪೇಟೆಗೆ ಹೋಗಿದ್ದಾಗ ನಡೆದ ಒಂದು ವಿಷಯ ಹೇಳಬೇಕು. ನಿನ್ನ ಸಾಹೇಬರು ಟೋಪಿಗಳನ್ನು ಬಿಡಿಸಿ, ಯಾವ ಡಬ್ಬಿಯದು ಅಂತ ಚೀಟಿ ಅಂಟಿಸಿ, ಕೊಲೆಯ ಸಾಕ್ಷಿಯ ಹಾಗೆ ಒಂದು ಪೆಟ್ಟಿಗೆಯಲ್ಲಿ ತಂದರು. ಚಿಕ್ಕಮ್ಮ ಅವನ್ನು ನಮ್ಮ ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಮೊದಲನೆಯದು ನೆಲ ಒರೆಸುವ ಬಟ್ಟೆಯ ಹಾಗಿತ್ತು. ಎರಡನೆಯದಕ್ಕೆ ಒಂದು ಕಡೆ ತೂತು. ಐದಾರು ದಾಟಿದ ಮೇಲೆ ಅಂಚು ಸಮನಾಗಿದೆ. ಕೊನೆಯದರಲ್ಲಿ ಹೂವಿನ ಚಿತ್ತಾರವೂ ಇದೆ. ನಿನ್ನ ಸಾಹೇಬರು ಆ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು, ಮತ್ತೆ ಈ ತುದಿಗೆ ಬಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಅಮ್ಮ, ಒಂದು ಲೋಟ ನೀರು ಕೊಡ್ತೀರಾ?" ಅಂದರು. ಅವಳು ಬಲಗೈಯಲ್ಲೇ ತಂದು ಕೊಟ್ಟಳು, ಅರ್ಧ ಚೆಲ್ಲಿತು. ಉಳಿದರ್ಧ ಕುಡಿದು ಅವರು "ಹೂಂ" ಅಂದರಂತೆ. ನನಗೆ ತುಟಿ ಆಡಿದ್ದು ಕಂಡಿತು, ಅವಳಿಗೆ ಕೇಳಿಸಿತು.

ಪರೀಕ್ಷೆ ಎಲ್ಲಿಗೆ ಬಂತು ಅಂತ ಅವರು ಬಾಯಿ ಬಿಡುವುದಿಲ್ಲ. ಅವಳು ದಿನಾ ಬೆಳಗ್ಗೆ ಸೇತುವೆಯ ಬಾಯಿಗೆ ಕಟ್ಟಿದ ಅಡ್ಡಗಟ್ಟೆಯವರೆಗೆ ನಡೆದು ಹೋಗಿ, ಮರಳಿನ ಚೀಲ ಎಣಿಸುವವರನ್ನು ನೋಡಿ ಬರುತ್ತಾಳೆ. ಆದರೆ ಹೆಣಿಗೆ ಕಡ್ಡಿ ಮುಟ್ಟಿಲ್ಲ. ನನಗೆ ಅದೇ ಭಯ.

ಚಿಕ್ಕಪ್ಪ


ಏಪ್ರಿಲ್ 9

ಚಿಕ್ಕಪ್ಪ, ಚಿಕ್ಕಮ್ಮ,

ಸೇತುವೆ ಗಟ್ಟಿಯಾಗಿದೆ.

ಇವತ್ತು ಬೆಳಗ್ಗೆ ಸಾಹೇಬರು ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ನಿಮಗೆ ಮೊದಲು ಮೇಲಿನ ಎರಡು ಪದ ಬರೆದು ಆಮೇಲೆ ಉಸಿರು ಬಿಟ್ಟೆ. ಟೋಪಿ ತೆಗೆದ ಮೇಲೆ ಒಂದೊಂದಾಗಿ ಗೆರೆಗಳೆಲ್ಲ ನೆಟ್ಟಗಾದವು. ತೂಕ ಹೇರಿದಾಗ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು, ಇಳಿಸಿದಾಗ ಮೊದಲಿದ್ದ ಜಾಗಕ್ಕೇ ಬಂತು. ಬಿರುಕು ಎಲ್ಲೂ ಇಲ್ಲ. ಎಷ್ಟೋ ವಾರದ ಮೇಲೆ ಇವತ್ತು ಹೊಟ್ಟೆತುಂಬ ಊಟ ಮಾಡಿದೆ.

ಒಂದೇ ಒಂದು ದೋಷ ಸಿಕ್ಕಿತು, ಅದು ಟೋಪಿಯೇ ಹಾಕದಿದ್ದ ಆಚೆ ದಡದ ತುದಿಯಲ್ಲಿ. ಸೇತುವೆ ಹಿಗ್ಗುವಾಗ ಜರುಗಲಿ ಎಂದು ಅದರ ಕೆಳಗೆ ಉಕ್ಕಿನ ಉರುಳೆಗಳಿವೆ. ಅದರಲ್ಲೊಂದು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ತೊಂದರೆ ಕೊಡುತ್ತಿತ್ತು. ಈಗ ಉಜ್ಜಿ, ಗ್ರೀಸ್ ಹಚ್ಚಿ ಸರಿ ಮಾಡಿದ್ದಾರೆ. ನಾವು ಸುಳ್ಳಿಗೆ ಹೆದರಿ ಹೋಗಿ ನೋಡದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಸೋಮವಾರದಿಂದ ಸೇತುವೆ ತೆರೆಯುತ್ತದೆ, ಡಬ್ಬಿಗಳಿಗೆ ಮಾತ್ರ ಇನ್ನು ಮೇಲೆ ಚಳಿಯಾದರೂ ಪರವಾಗಿಲ್ಲ.

ಚಿಕ್ಕಮ್ಮ, ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಮಾರ್ಚಿನಲ್ಲಿ ನಮ್ಮನ್ನೆಲ್ಲ ನಡುಗಿಸಿದ ಗೆರೆ ಅದೇ. ಕೆಳಗೆ ತಿಂಗಳುಗಳು, ಮೇಲೆ ಕೆಟ್ಟುಹೋದ ಡಬ್ಬಿಗಳ ಸಂಖ್ಯೆ. ಡಿಸೆಂಬರಿನಲ್ಲಿ ನೆಲಕ್ಕಂಟಿ ಮಲಗಿದೆ, ಜನವರಿಯಲ್ಲಿ ಸ್ವಲ್ಪ ತಲೆ ಎತ್ತಿದೆ, ಫೆಬ್ರವರಿಯಲ್ಲಿ ಎದ್ದು ಕೂತಿದೆ, ಮಾರ್ಚಿನಲ್ಲಿ ನೆಟ್ಟಗೆ ಮೇಲಕ್ಕೆ ಓಡಿದೆ. ಸೇತುವೆ ಸಾಯುತ್ತಿರುವ ವೇಗ ಎಂದು ನಾವು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೆವು. ಸಾಹೇಬರು ಅದನ್ನು ಹೊಡೆದುಹಾಕಿ ಕೆಳಗೆ ತಮ್ಮ ಕೈಯಾರೆ ಬೇರೆ ಬರೆದಿದ್ದಾರೆ, ಓದು. ಅದು ನಿನ್ನ ಕೈ ವಾಪಸು ಬಂದ ವೇಗ, ಚಿಕ್ಕಮ್ಮ. ನನ್ನ ಕೆಲಸದಲ್ಲಿ ಇಷ್ಟು ಹೆದರಿಸಿದ ಗೆರೆ ಇನ್ನೊಂದಿಲ್ಲ, ಈಗ ಇಷ್ಟು ಸಂತೋಷ ಕೊಡುವುದೂ ಇನ್ನೊಂದಿಲ್ಲ.

ನಿಮ್ಮ ಚೂಟಿ


ಏಪ್ರಿಲ್ 20

ಚೂಟಿ

ಇದು ನಾನೇ ಬರೆಯುತ್ತಿರುವುದು. ಅಕ್ಷರ ಕಾಗೆ ಕಾಲಾಗಿದೆ, ನಗಬೇಡ. ನಿನ್ನ ಚಿಕ್ಕಪ್ಪ ನಾನು ಬರೆದುಕೊಡುತ್ತೇನೆ ಅಂದರು, ಬೇಡ ಅಂದೆ.

ಆಚೆ ದಡದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಳೆ ಹಾರದ ಹಾಗೆ ಅವರು ಹಿಡಿದುಕೊಂಡಿದ್ದಾರೆ. ಇಲ್ಲಿಂದ ನಮ್ಮ ಮನೆ ಹೇಗೆ ಕಾಣುತ್ತದೆ ಅನ್ನುವುದೇ ಮರೆತುಹೋಗಿತ್ತು. ಕಿಟಕಿಗೆ ಬಣ್ಣ ಬೇಕು. ಊರಿಗೆಲ್ಲ ಬಣ್ಣ ಬಳಿಯುವವರ ಮನೆಯ ಕಿಟಕಿ ನೋಡು.

ನಿನ್ನ ಗೆರೆಯ ಹಾಳೆ ಗೋಡೆಗೆ ಅಂಟಿಸಿದ್ದೇನೆ. ನಿಮ್ಮ ಸಾಹೇಬರಿಗೆ ಒಂದು ಟೋಪಿ ಹೆಣೆದಿದ್ದೇನೆ, ಪಾರ್ಸೆಲ್ ಬರುತ್ತದೆ. ಬೋಳುತಲೆಗೆ ಚಳಿ ಜಾಸ್ತಿ. ಅವರಲ್ಲಿ ಸೆನ್ಸರ್ ಇಲ್ಲ ತಾನೆ?

ವಾಪಸು ಹೋಗಬೇಕು, ಬಿಸಿಲು ಏರುತ್ತಿದೆ. ಈ ಕಾಗದ ಸಿಕ್ಕ ಮರುದಿನ ಬೆಳಗ್ಗೆ ನಿನ್ನ ಪರದೆಯ ಮುಂದೆ ಕೂತಿರು. ನಡೆದು ತೋರಿಸುತ್ತೇನೆ.

ಪುಕ್ಕಲಿ